ಡಬ್ಬಿ ಖಾಲಿ ಮಾಡಿ ನೋಡಿ

ಒಂದು ಮೇಣದಬತ್ತಿ, ಬೆಂಕಿಪೊಟ್ಟಣ, ರಟ್ಟಿನ ಡಬ್ಬಿ ತುಂಬ ಡ್ರಾಯಿಂಗ್ ಪಿನ್. ಬತ್ತಿಯನ್ನು ಗೋಡೆಗೆ ನಿಲ್ಲಿಸಿ ಉರಿಸಬೇಕು. ಜರ್ಮನ್ ಮನೋವಿಜ್ಞಾನಿ ಕಾರ್ಲ್ ಡಂಕರ್ ಕೊಟ್ಟ ಒಗಟಿದು. 1945ರಲ್ಲಿ ಇಂಗ್ಲಿಷಿಗೂ ಬಂತು. ಉತ್ತರ ಇಷ್ಟೇ: ಪಿನ್ ಸುರಿದು, ಡಬ್ಬಿಯನ್ನೇ ಗೋಡೆಗೆ ಚುಚ್ಚಿ, ಅದರೊಳಗೆ ಬತ್ತಿ ನಿಲ್ಲಿಸುವುದು. ಪಿನ್ ತುಂಬಿದ ಡಬ್ಬಿ ಕೊಟ್ಟಾಗ ಇದು ಬಹಳ ಜನರಿಗೆ ಹೊಳೆಯುವುದಿಲ್ಲ, ಖಾಲಿ ಡಬ್ಬಿ ಸಿಕ್ಕವರಿಗೆ ಸಲೀಸಾಗಿ ಹೊಳೆಯುತ್ತದೆ. ವಸ್ತುವಿನ ಹೆಸರು, ಅದರ ಮಾಮೂಲಿ ಕೆಲಸ, ಎರಡೂ ನಮ್ಮ ಕಣ್ಣು ಕಟ್ಟಿಬಿಡುತ್ತವೆ.

ಮನೆಯಲ್ಲೇ ಅಭ್ಯಾಸ ಮಾಡಬಹುದು. ಮುರಿದ ಕೊಡೆ ತಗೊಳ್ಳಿ. ‘ಕೊಡೆ’ ಅನ್ನಬೇಡಿ, ನೀರು ಇಳಿಯದ ಬಟ್ಟೆ, ಎಂಟು ತೆಳು ಕಡ್ಡಿ, ಕೊಕ್ಕೆಯ ಹಿಡಿ ಎಂದು ಬಿಡಿಬಿಡಿಯಾಗಿ ಬರೆಯಿರಿ. ಹತ್ತು ನಿಮಿಷದಲ್ಲಿ ಹದಿನೈದು ಉಪಯೋಗ. ಮೊದಲ ಐದಾರು ಸಪ್ಪೆಯಾಗಿಯೇ ಇರುತ್ತವೆ, ಎಲ್ಲರಿಗೂ ಹೊಳೆಯುವಂಥವು. ಬಹಳ ಜನ ಅಲ್ಲೇ ಪೆನ್ನು ಕೆಳಗಿಡುತ್ತಾರೆ. ಇನ್ನು ಕೆಲವರು ಬರೆಯುತ್ತಲೇ ‘ಇದಾಗಲ್ಲ’ ಎಂದು ಹೊಡೆದುಹಾಕುತ್ತಾರೆ, ಅದು ಇನ್ನೂ ಕೆಟ್ಟದ್ದು. ಹೊಡೆಯುವ ಕೆಲಸ ನಾಳೆಗಿರಲಿ. ಉಳಿದವುಗಳಲ್ಲಿ ಒಂದನ್ನು ಆರಿಸಿ, ಹೊಸದೇನೂ ಕೊಳ್ಳದೆ ಅರ್ಧ ಗಂಟೆಯಲ್ಲಿ ಮಾಡಿ ನೋಡಿ: ಆ ಬಟ್ಟೆ ಸೈಕಲ್ ಸೀಟಿಗೆ ಹೊದಿಕೆಯಾದೀತು, ಕಡ್ಡಿ ಬಳ್ಳಿಗೆ ಊರುಗೋಲಾದೀತು.