ನಡುರಾತ್ರಿ ಜಾರುವ ಏಕತಾರಿಗೆ ಗಿಡ್ಡ ಕುದುರೆ

ಕೊನೆಗೂ ಶ್ರುತಿ ನಿಂತಿತು! ಸಂಜೆ ಕಾಳಿ ಒಂದಕ್ಕೆ (ಹಾರ್ಮೋನಿಯಂನ ಮೊದಲ ಕರಿ ಮನೆಗೆ) ಕೂಡಿಸಿದ ಏಕತಾರಿಯ ಒಂಟಿ ತಂತಿ ಬೆಳಗಿನ ಜಾವದಲ್ಲಿ 30 ಸೆಂಟ್‌ಗಿಂತ (ಅರ್ಧ ಸ್ವರಕ್ಕೆ 100 ಸೆಂಟ್) ಹೆಚ್ಚು ಇಳಿದಿಲ್ಲ. ಸೋರೆ ಬುರುಡೆ ಒಣಗಿಸುವುದು, ಬಾಯಿ ಕೊರೆಯುವುದು, ದಂಡಿ ತೂರಿಸುವುದು ನಿಮಗೆಲ್ಲ ಗೊತ್ತಿದ್ದದ್ದೇ. ಈ ಸಲದ ಮಾತೆಲ್ಲ ಕುದುರೆಯದು, ಅಂದರೆ ಬುರುಡೆಯ ಬಾಯಿಗೆ ಬಿಗಿದ ತೊಗಲಿನ ಮೇಲೆ ನಿಂತು ತಂತಿಯನ್ನು ಎತ್ತಿ ಹಿಡಿಯುವ ತುಂಡಿನದು.

ಕಲಬುರಗಿ ಸೀಮೆಯಲ್ಲಿ ಕಡಕೋಳ ಮಡಿವಾಳಪ್ಪನವರ, ಅವರ ಶಿಷ್ಯ ಚೆನ್ನೂರ ಜಲಾಲಸಾಹೇಬರ ತತ್ವಪದಗಳ ಭಜನೆ ಶುರುವಾದರೆ ಕೋಳಿ ಕೂಗುವವರೆಗೂ ನಡೆಯುತ್ತದೆ. ಮುಂದಾಳು ಬಿಟ್ಟ ಸೊಲ್ಲನ್ನು ಮೇಳ ಎತ್ತಿಕೊಳ್ಳುವಾಗ ಎಲ್ಲರ ಕಿವಿಗೂ ಆಸರೆ ಈ ಒಂದೇ ತಂತಿ. ಇರುಳಿನ ತೇವಕ್ಕೆ ಆಡಿನ ತೊಗಲು ಸಡಿಲಾದರೆ ದಮ್ಮಡಿಯನ್ನು (ಬಳೆಗೆ ತೊಗಲು ಬಿಗಿದ ಕೈವಾದ್ಯ) ಬೆಂಕಿಗೆ ಹಿಡಿದು ಕಾಯಿಸಬಹುದು. ಏಕತಾರಿಯನ್ನು ಹಾಗೆ ಹಿಡಿದರೆ ಬುರುಡೆ ಸೀಳೀತು.

ಲೆಕ್ಕ ಹಾಕಿದಾಗ ಕಳ್ಳ ಸಿಕ್ಕಿಬಿದ್ದ. 0.30 ಮಿ.ಮೀ. ಉಕ್ಕಿನ ತಂತಿ, ಕುದುರೆಯಿಂದ ಮೇಲಕ್ಕೆ 70 ಸೆಂ.ಮೀ. ಕಾಳಿ ಒಂದಕ್ಕೆ ಏರಿಸಲು ಸುಮಾರು 2.1 ಕಿಲೋ ಎಳೆತ ಬೇಕು. ಅಷ್ಟು ಎಳೆದರೂ ತಂತಿ ಹಿಗ್ಗುವುದು ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ಅದರಲ್ಲಿ 0.13 ಮಿ.ಮೀ. ಕಳೆದುಹೋದರೆ ಸಾಕು, ಶ್ರುತಿ ಅರ್ಧ ಸ್ವರ ಇಳಿದು ಬಿಳಿ ಒಂದಕ್ಕೆ ಬೀಳುತ್ತದೆ. ಬುರುಡೆಯ ಬಾಯಿ 15 ಸೆಂ.ಮೀ., ಹಳೆಯ ಕುದುರೆ 20 ಮಿ.ಮೀ. ಎತ್ತರ. ಬಾಲದ ಕಡೆ, ಅಂದರೆ ತಂತಿ ಕಟ್ಟಿದ ಕೆಳತುದಿಯತ್ತ, ತಂತಿ 15 ಡಿಗ್ರಿ ಬಾಗಿ ತೊಗಲನ್ನು ಅರ್ಧ ಕಿಲೋ ಭಾರದಿಂದ ಒತ್ತುತ್ತಿತ್ತು. ತೊಗಲು ಅರ್ಧ ಮಿ.ಮೀ. ಕುಸಿದರೆ ಅಲ್ಲಿಗೆ ಅರ್ಧ ಸ್ವರ ಹೋಯಿತು.

ದಪ್ಪ ತೊಗಲು ಹಾಕಿದರೆ ದನಿ ಸಾಯುತ್ತದೆ. ವಾರ್ನಿಷ್ ಬಳಿದರೆ ತೇವವೇನೋ ತಡೆಯುತ್ತದೆ, ಆದರೆ ಗುಂಗು ಉಳಿಯುವುದಿಲ್ಲ. ಪರಿಹಾರ ಸಿಕ್ಕಿದ್ದು ಕುದುರೆಯನ್ನು 10 ಮಿ.ಮೀ.ಗೆ ಇಳಿಸಿದಾಗ. ಬಾಗು 15ರಿಂದ 8 ಡಿಗ್ರಿಯೊಳಗೆ ಬಂತು, ಒತ್ತಡ ಅರ್ಧವಾಗಿ ತೊಗಲಿನ ಕುಸಿತವೂ ಅರ್ಧವಾಯಿತು. ಅಷ್ಟೇ ಕುಸಿತಕ್ಕೆ ಕಳೆಯುವ ಶ್ರುತಿಯೂ ಅರ್ಧ, ಹಾಗಾಗಿ ಲಾಭ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಆದರೆ ಗಿಡ್ಡ ಕುದುರೆಯ ಮೇಲೆ ತಂತಿ ಪಕ್ಕಕ್ಕೆ ಜಾರಿ ಕಿರಗುಟ್ಟಿತು. 1 ಮಿ.ಮೀ. ಕಚ್ಚು ಕೊರೆದು, ಪಾದವನ್ನು 25 ಮಿ.ಮೀ. ಅಗಲ ಮಾಡಿದ ಮೇಲೆ ಸುಮ್ಮನಾಯಿತು. 8 ಮಿ.ಮೀ.ಗಿಂತ ಕೆಳಗಿಳಿಸಬೇಡಿ, ತೊಗಲು ಮಾತಾಡುವುದೇ ಇಲ್ಲ. ಜೀವಾಳಿ ನೂಲನ್ನು (ಕುದುರೆಯ ಮೇಲೆ ತಂತಿಯಡಿ ಕೂರಿಸಿ ಗುಂಗು ತರುವ ಎಳೆ) ಕಟ್ಟಕಡೆಗೆ ಸೇರಿಸಿ. ಮೊದಲೇ ಸೇರಿಸಿದರೆ ಕಿರಗುಟ್ಟುವುದು ಯಾವುದರಿಂದ ಎಂದು ತಿಳಿಯದು.

ತೊಗಲು ಮಾರುವವರ ಮೇಲೆ ಮಾತ್ರ ಸಿಟ್ಟು ಇಳಿದಿಲ್ಲ. ಸಮ ದಪ್ಪದ್ದು ಕೇಳಿದರೆ ಕುತ್ತಿಗೆಯ ತುಂಡು ಕಳಿಸಿದ್ದರು: ಒಂದು ಅಂಚು 1 ಮಿ.ಮೀ., ಇನ್ನೊಂದು 0.4. ಕುದುರೆ ತೆಳು ಕಡೆಗೇ ವಾಲುತ್ತದೆ. ಹಣ ಕೊಡುವ ಮುಂಚೆ ಎಂಟು ಕಡೆ ಅಳೆಯಿರಿ. ಬೆನ್ನುಮೂಳೆಯ ಗೆರೆ ಬುರುಡೆ ಬಾಯಿಯ ನಡುವೆ ಬರುವಂತೆ ಕತ್ತರಿಸಿದರೆ ಎಡಬಲ ಸಮವಿರುತ್ತದೆ.

ಈ ಲೆಕ್ಕ ಕುಳಿತ ಮೇಲೆ ಮನಸ್ಸೆಲ್ಲ ದಮ್ಮಡಿಯ ಕಡೆ ಹೋಗಿದೆ. ಬಳೆಯ ಒಳಗೆ ಆರು ಬೋಲ್ಟ್ ಕೂರಿಸಿ ತೊಗಲನ್ನು ಕೆಳಗಿನಿಂದ ಎತ್ತಿದರೆ ಬೆಂಕಿಯ ಹಂಗು ತಪ್ಪೀತು. ಭಾರ ಹೆಚ್ಚಿ ಮಣಿಕಟ್ಟು ಸೋಲಬಾರದು, ಅದಕ್ಕೆ ಬೋಲ್ಟ್ ಅಲ್ಯೂಮಿನಿಯಂದೇ ಆಗಬೇಕು. ಬಳೆಗೆ ಹಲಸಿನ ಮರ ಹುಡುಕಬೇಕು.