ಕೈ ಕೊಟ್ಟದ್ದು ಬೆನ್ನಲ್ಲ

ರೆಫರಿಯ ಕೈ ಇನ್ನೂ ಮೇಲೆಯೇ ಇತ್ತು. ಬಾರ್ ತೊಡೆಯ ಮಧ್ಯಕ್ಕೆ ಬಂದು ನಿಂತಿತ್ತು, ಮೊಣಕಾಲು ಲಾಕ್ ಆಗಿತ್ತು, ಭುಜ ಹಿಂದಕ್ಕೆ ಹೋಗಿತ್ತು. ಪವರ್‌ಲಿಫ್ಟಿಂಗ್ ಸ್ಪರ್ಧೆಯ ಡೆಡ್‌ಲಿಫ್ಟ್, ಎಂದರೆ ಬಾರನ್ನು ನೆಲದಿಂದ ಎತ್ತಿ ನೆಟ್ಟಗೆ ನಿಲ್ಲುವುದು. 120 ಕಿಲೋ. ವೇದಿಕೆಯ ಪಕ್ಕದಲ್ಲಿ ನಿಂತಿದ್ದ ನಾನು ಮೂರನೆಯ ಅಟೆಂಪ್ಟಿಗೆ 127.5 ಕೊಡುವುದೋ 130 ಕೊಡುವುದೋ ಎಂದು ಆಗಲೇ ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ನನ್ನ ಬಳಿ ಕಲಿಯುತ್ತಿದ್ದ ಮೇಡಂ ಅವರ ಬಲಗೈಯ ಕಿರುಬೆರಳು ಬಿಚ್ಚಿಕೊಂಡಿತು. ಅದರ ಹಿಂದೆಯೇ ಉಂಗುರದ ಬೆರಳು. ಬಾರ್ ಒಂದು ಪಕ್ಕಕ್ಕೆ ವಾಲಿ ಧಡಾರನೆ ಬಿತ್ತು. ರೆಫರಿ ‘ಡೌನ್’ ಹೇಳಲು ಇನ್ನು ಅರ್ಧ ಸೆಕೆಂಡ್ ಬೇಕಿತ್ತೇನೋ. ಮೂರು ಕೆಂಪು ದೀಪ, ಎಂದರೆ ಎತ್ತಿದ್ದು ಲೆಕ್ಕಕ್ಕಿಲ್ಲ.

ಹನ್ನೊಂದು ವರ್ಷದಿಂದ ಜಿಮ್ಮಿನಲ್ಲಿ ಜನರಿಗೆ ತೂಕ ಎತ್ತಿಸುವುದೇ ನನ್ನ ಕೆಲಸ. ಅಂಥ ನನಗೆ ಆ ಕ್ಷಣದಲ್ಲಿ ಹೊಳೆದದ್ದು ಇಷ್ಟೇ: ‘ಬೆನ್ನು ಸುಸ್ತಾಗಿದೆ.’ ಕಣ್ಣೆದುರಿಗೇ ಬೆರಳು ಬಿಚ್ಚಿಕೊಂಡದ್ದನ್ನು ನೋಡಿಯೂ ಹಾಗೆ ಅಂದುಕೊಂಡೆ. ವರ್ಷವಾಗುತ್ತಾ ಬಂತು, ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಇದರ ಬೇರು ಎಂಟು ತಿಂಗಳು ಹಿಂದಕ್ಕೆ ಹೋಗುತ್ತದೆ. ನಮ್ಮ ಮ್ಯಾನೇಜ್‌ಮೆಂಟಿನವರು ಅದೇ ಹೊತ್ತಿಗೆ ಒಂದು ಸಾಫ್ಟ್‌ವೇರ್ ತಂದಿದ್ದರು. ಪ್ರತಿ ಸದಸ್ಯರ ಹೆಸರಿನ ಎದುರು ‘ಗರಿಷ್ಠ ತೂಕ’ ಎಂಬ ಒಂದು ಖಾನೆ. ತಿಂಗಳ ಕೊನೆಗೆ ಅಂಕಿ ಏರಿದ್ದರೆ ಹಸಿರು ಬಾಣ, ಇಲ್ಲದಿದ್ದರೆ ಕೆಂಪು. ಕೆಂಪು ಬಾಣ ಮೂರಾದರೆ ನನಗೆ ಮೀಟಿಂಗ್. ಅದಕ್ಕೂ ಮೊದಲು, ಕೈ ಜಾರದಂತೆ ಹಚ್ಚಿಕೊಳ್ಳುವ ಚಾಕ್ ಪುಡಿಯನ್ನು (ಮೆಗ್ನೀಸಿಯಂ ಕಾರ್ಬೊನೇಟ್) ನಿಷೇಧಿಸಿದ್ದರು. ಕಪ್ಪು ರಬ್ಬರ್ ನೆಲದ ಮೇಲೆ ಬಿಳಿ ಕೈಗುರುತು ಬಿದ್ದರೆ ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲವಂತೆ. ತೂಕ ಎತ್ತುವ ಜಾಗದಲ್ಲಿ ಮೆಗ್ನೀಸಿಯಂ ಕಾರ್ಬೊನೇಟ್ ಬೇಡ, ಅಂಕಿ ಮಾತ್ರ ಏರುತ್ತಿರಬೇಕು ಎಂದರೆ ಕೋಚ್ ಆದವನು ಏನು ಮಾಡುತ್ತಾನೆ? ಕೈಯನ್ನು ಬಾರಿಗೆ ಬಿಗಿಯುವ ಬಟ್ಟೆಯ ಪಟ್ಟಿ, ಸ್ಟ್ರಾಪ್, ಕಟ್ಟಿಸುತ್ತಾನೆ. ನಾನೂ ಕಟ್ಟಿಸಿದೆ.

ಮೇಡಂ ಎರಡು ಸಲ ಹೇಳಿದ್ದರು. ಮೊದಲ ಸಲ 80 ಕಿಲೋದಲ್ಲಿ: “ಸರ್, ಕಾಲಿಗೆ ಇನ್ನೂ ಶಕ್ತಿ ಇದೆ, ಬೆರಳು ಬಿಚ್ಚಿಕೊಳ್ಳುತ್ತಿದೆ.” ನಾನು ಕಪಾಟಿನಿಂದ ಸ್ಟ್ರಾಪ್ ತೆಗೆದು ಕೊಟ್ಟೆ. 80 ಇದ್ದದ್ದು ಅದೇ ದಿನ 95 ಆಯಿತು. ಹಸಿರು ಬಾಣ. ಎರಡನೆಯ ಸಲ ಅವರು, “ಸ್ಪರ್ಧೆಯಲ್ಲಿ ಇದನ್ನು ಕಟ್ಟಿಕೊಳ್ಳಲು ಬಿಡುತ್ತಾರೆಯೇ?” ಎಂದು ಕೇಳಿದರು. ನಾನು ಜಂಭದಿಂದ, ಇಂಗ್ಲೆಂಡಿನ ಸ್ಟ್ರಾಂಗ್‌ಮ್ಯಾನ್ ಎಡ್ಡಿ ಹಾಲ್ 2016ರಲ್ಲಿ 500 ಕಿಲೋ ಎತ್ತಿದ್ದೂ ಸ್ಟ್ರಾಪ್ ಕಟ್ಟಿಕೊಂಡೇ ಎಂದೆ. ಹೇಳಿದ್ದು ಸುಳ್ಳಲ್ಲ. ಆದರೆ ಅದು ಸ್ಟ್ರಾಂಗ್‌ಮ್ಯಾನ್ ನಿಯಮ, ಪವರ್‌ಲಿಫ್ಟಿಂಗ್ ವೇದಿಕೆಯ ಮೇಲೆ ಸ್ಟ್ರಾಪಿಗೆ ಜಾಗವೇ ಇಲ್ಲ. ಅದು ನನಗೆ ಗೊತ್ತಿಲ್ಲದ್ದೇನಲ್ಲ. ಸ್ಪರ್ಧೆಗೆ ಮೂರು ವಾರ ಇರುವಾಗ ಸ್ಟ್ರಾಪ್ ಬಿಚ್ಚಿಸಿದರೆ ಸಾಕು, ಬೆನ್ನು ಬಲವಾಗಿದ್ದರೆ ಕೈ ತಾನಾಗಿ ಬರುತ್ತದೆ ಎಂದು ನಂಬಿದ್ದೆ. ಹಾಗೆ ಬರುವುದಿಲ್ಲ. ಎಂಟು ತಿಂಗಳು ಬೆನ್ನು, ತೊಡೆ, ಪೃಷ್ಠ ಎಲ್ಲವೂ 130 ಕಿಲೋ ಕಲಿತವು. ಬೆರಳು ಮಾತ್ರ 80ರಲ್ಲೇ ಕುಳಿತಿತ್ತು, ಏಕೆಂದರೆ ಅದರ ಕೆಲಸವನ್ನು ಬಟ್ಟೆಯ ಪಟ್ಟಿ ಮಾಡುತ್ತಿತ್ತು.

ಇನ್ನೊಂದು ತಪ್ಪನ್ನು ನಾನು ದಯೆ ಎಂದುಕೊಂಡು ಮಾಡಿದೆ. ಮೇಡಂ ಅವರ ಕೈ ಚಿಕ್ಕದು. ನಮ್ಮಲ್ಲಿ 15 ಕಿಲೋದ ಬಾರ್ ಒಂದಿದೆ. ವೇಟ್‌ಲಿಫ್ಟಿಂಗಿನಲ್ಲಿ ಮಹಿಳೆಯರು ಬಳಸುವಂಥದ್ದು, ದಪ್ಪ 25 ಮಿಲಿಮೀಟರ್. ಹಿಡಿಯಲು ಹಿತ ಎಂದು ಡೆಡ್‌ಲಿಫ್ಟಿಗೂ ಅದನ್ನೇ ಕೊಡುತ್ತಾ ಬಂದೆ. ಪವರ್‌ಲಿಫ್ಟಿಂಗಿನಲ್ಲಿ ಗಂಡಸರಿಗೂ ಹೆಂಗಸರಿಗೂ ಒಂದೇ ಬಾರ್: 20 ಕಿಲೋ, ದಪ್ಪ 28ರಿಂದ 29 ಮಿಲಿಮೀಟರ್. ಮೂರು ಮಿಲಿಮೀಟರ್ ಎಂದರೆ ಎಷ್ಟು ಮಹಾ ಎಂದು ಅನ್ನಿಸಬಹುದು. ನನಗೂ ಅನ್ನಿಸಿತ್ತು. ತೆಳು ಬಾರಿನಲ್ಲಿ ಅವರ ಹೆಬ್ಬೆರಳು ತೋರುಬೆರಳಿನ ಉಗುರನ್ನು ದಾಟಿ ಮಧ್ಯದ ಬೆರಳಿನ ಮೇಲೂ ಕೂರುತ್ತಿತ್ತು. ದಪ್ಪ ಬಾರಿನಲ್ಲಿ ತೋರುಬೆರಳಿನ ತುದಿಗೆ ತಾಗಿ ಅಲ್ಲಿಗೇ ನಿಂತುಬಿಡುತ್ತದೆ. ಎರಡು ಅಂಗೈಯೂ ತನ್ನ ಕಡೆಗಿರುವ ಹಿಡಿತದಲ್ಲಿ ಬಾರ್ ಉರುಳುವುದು ಬೆರಳ ತುದಿಗಳ ಕಡೆಗೆ, ಎರಡು ಕೈಯಲ್ಲೂ ಒಂದೇ ದಿಕ್ಕಿಗೆ. ಅಲ್ಲಿ ಬಾಗಿಲು ಹಾಕುವುದು ಹೆಬ್ಬೆರಳು. ಅಗುಳಿಯೇ ತಲುಪದಿದ್ದರೆ ಬಾಗಿಲು ಎಷ್ಟು ಹೊತ್ತು ನಿಂತೀತು?

ಸ್ಪರ್ಧೆಯ ದಿನ ವಾರ್ಮಪ್ ಕೋಣೆಯಲ್ಲಿ ಮೇಡಂ 60 ಕಿಲೋ ಎತ್ತಿ ಇಳಿಸಿ, “ಸರ್, ಈ ಬಾರ್ ದಪ್ಪ ಇದೆ” ಎಂದರು. “ಗಾಬರಿಗೆ ಹಾಗೆ ಅನ್ನಿಸುತ್ತದೆ ಮೇಡಂ” ಎಂದೆ. ನನ್ನ ಬಾಯಿಂದ ಬಂದ ಮಾತುಗಳಲ್ಲಿ ಒಂದನ್ನು ವಾಪಸ್ ಪಡೆಯಬಹುದು ಎಂದರೆ ಇದನ್ನೇ ಪಡೆಯುತ್ತೇನೆ.

ಓಪನರ್, ಎಂದರೆ ಮೊದಲ ಅಟೆಂಪ್ಟ್, 110 ಹೇಗೋ ದಾಟಿತು. ಮೂರು ಬಿಳಿ ದೀಪ. ಬಾರ್ ಇಳಿಸುವಾಗ ಕೊನೆಯ ಒಂದಡಿ ಅವರು ಬೆರಳ ತುದಿಯಲ್ಲಿ ಹಿಡಿದಿದ್ದರು. ಅದನ್ನೂ ನೋಡಿದೆ. 120 ಬರೆದುಕೊಟ್ಟೆ.

ಎರಡನೆಯದು ಬಿದ್ದ ಮೇಲೆ ಮುಂದಿನ ತೂಕ ಹೇಳಲು ಒಂದು ನಿಮಿಷ. ಕಡಿಮೆ ಮಾಡುವಂತಿಲ್ಲ, ಅದೇ 120, ಇಲ್ಲವೇ ಅದಕ್ಕಿಂತ ಹೆಚ್ಚು. 120 ಎಂದೇ ಬರೆದುಕೊಟ್ಟೆ. ಆ ಸುತ್ತು ಮುಗಿದು ಮತ್ತೆ ನಮ್ಮ ಸರದಿ ಬರಲು ಹತ್ತು ನಿಮಿಷ ಸಿಕ್ಕಿತು. ಆ ಹತ್ತು ನಿಮಿಷದಲ್ಲಿ ನಾನು ಏನೆಲ್ಲ ಮಾಡಿದೆ ಎಂಬುದನ್ನು ಯಾರಾದರೂ ವಿಡಿಯೋ ಮಾಡಿದ್ದರೆ ಹೊಸ ಕೋಚ್‌ಗಳಿಗೆ ತೋರಿಸಬಹುದಿತ್ತು. ಸೊಂಟದ ಬೆಲ್ಟನ್ನು ಒಂದು ತೂತು ಬಿಗಿ ಮಾಡಿಸಿದೆ. ಉಸಿರು ಹೊಟ್ಟೆಗೆ ತುಂಬಿ ಎಂದೆ. ಬೆನ್ನನ್ನು ನೀವಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ಕೈಯೊಂದನ್ನು ಬಿಟ್ಟು ಮಿಕ್ಕೆಲ್ಲದಕ್ಕೂ ಉಪಚಾರ ಮಾಡಿದೆ.

ಪಕ್ಕದ ಬೆಂಚಿನಲ್ಲಿ ಕುಳಿತಿದ್ದ ಹಿರಿಯ ಕೋಚ್ ಒಬ್ಬರು, ನಮಗೆ ಏನೂ ಸಂಬಂಧವಿಲ್ಲದವರು, “ಒಂದು ಕೈ ಮಗುಚಿ ಹಿಡಿಯಲಿ ಕಣಪ್ಪ, ಬಾರ್ ಉರುಳುವುದು ನಿಲ್ಲುತ್ತದೆ” ಎಂದರು. ಸರಿಯಾದ ಮಾತು. ಹಾಗೆ ಹಿಡಿಯುವ ಮಿಕ್ಸ್ಡ್ ಗ್ರಿಪ್‌ನಲ್ಲಿ ಒಂದು ಕೈಯಿಂದ ಹೊರಗೆ ಉರುಳುವ ಬಾರ್ ಇನ್ನೊಂದರಲ್ಲಿ ಒಳಗೆ ಉರುಳುತ್ತದೆ. ಆದರೆ ಅಂಗೈ ಮೇಲೆ ಮಾಡಿದ ತೋಳಿನ ಬೈಸೆಪ್ಸ್ ಸ್ನಾಯುರಜ್ಜು ಹರಿಯುವ ಅಪಾಯ ಅದರಲ್ಲಿದೆ, ಮೊಣಕೈ ಮಡಚಿ ಎಳೆದರಂತೂ ಇನ್ನೂ ಹೆಚ್ಚು. ಎಂದೂ ಅಭ್ಯಾಸ ಮಾಡದವರಿಗೆ ಸ್ಪರ್ಧೆಯ ನಡುವೆ ಹೇಳಿಕೊಡಲು ನನಗೆ ಧೈರ್ಯ ಬರಲಿಲ್ಲ. ಆ ಹಿಂಜರಿಕೆಗೆ ನಾನು ಈಗಲೂ ನಾಚುವುದಿಲ್ಲ. ನಾಚಬೇಕಾದದ್ದು ಎಂಟು ತಿಂಗಳಲ್ಲಿ ಒಮ್ಮೆಯೂ ಅದನ್ನು ಕಲಿಸದೆ ಇದ್ದದ್ದಕ್ಕೆ.

ಆಮೇಲೆ ಬಂತು ಪೌಡರ್. ಬಾರ್ ತೊಡೆಗೆ ಉಜ್ಜಿ ನಿಲ್ಲುತ್ತಿದೆ, ಅದರಿಂದಲೇ ಮೇಲೆ ಬರಲು ತಡವಾಗಿ ಕೈ ಸೋಲುತ್ತಿದೆ ಎಂದು ಹೊಸ ಸಿದ್ಧಾಂತ ಕಟ್ಟಿದೆ. ತೊಡೆಗೆ ಟಾಲ್ಕಂ ಪೌಡರ್ ಹಚ್ಚುವುದು ಎಲ್ಲರೂ ಮಾಡುವ ಕೆಲಸವೇ. ಡಬ್ಬಿಯನ್ನು ಅವರ ಕೈಗೆ ಕೊಟ್ಟೆ. ಅವರು ಅಂಗೈ ತುಂಬ ಸುರಿದುಕೊಂಡು ಎರಡೂ ತೊಡೆಗೆ ಬಳಿದರು. ಕೈ ಒರೆಸಲು ನಾನು ಟವೆಲ್ ಕೊಡಲಿಲ್ಲ. “ಬಾರ್ ಈಸ್ ಲೋಡೆಡ್” ಎಂದು ಕೂಗಿದರು, ಒಂದು ನಿಮಿಷದ ಗಡಿಯಾರ ಓಡತೊಡಗಿತು, ಅವರು ಓಡಿಹೋಗಿ ಚಾಕ್ ಬಟ್ಟಲಿಗೆ ಕೈ ಅದ್ದಿದರು. ಟಾಲ್ಕಂ ಮೇಲೆ ಚಾಕ್. ಎರಡೂ ಬಿಳಿ, ಎರಡೂ ನುಣ್ಣಗೆ. ಒಂದು ಜಾರಿಸುವುದಕ್ಕೆ, ಇನ್ನೊಂದು ಹಿಡಿಯುವುದಕ್ಕೆ. ದೂರದಿಂದ ನೋಡಿದರೆ ಕೈ ಬೆಳ್ಳಗೆ, ಸಿದ್ಧವಾಗಿ ಕಾಣುತ್ತಿತ್ತು. ನಾನು ಚಪ್ಪಾಳೆ ತಟ್ಟಿ “ಬೆನ್ನು! ಬೆನ್ನು!” ಎಂದು ಕೂಗುತ್ತಿದ್ದೆ.

ಬಾರ್ ಮೊಣಕಾಲನ್ನೂ ದಾಟಲಿಲ್ಲ.

ಕೈ ತೊಳೆಯುವ ಜಾಗದಲ್ಲಿ ಅವರು ನಲ್ಲಿಯ ಕೆಳಗೆ ಅಂಗೈ ಹಿಡಿದು ನಿಂತಿದ್ದರು. ನೀರು ಹಾಲಿನಂತೆ ಹರಿಯುತ್ತಿತ್ತು. ಕಿರುಬೆರಳಿನ ಬುಡದಲ್ಲಿ ಚರ್ಮ ಒಂದು ಮಡಿಕೆಯಾಗಿ ಎದ್ದು ಕಿತ್ತುಬಂದಿತ್ತು. ನನ್ನ ಕಡೆ ನೋಡದೆ ಹೇಳಿದರು: “ಸರ್, ನನ್ನ ಬೆನ್ನಿಗೆ ಏನೂ ಆಗಿಲ್ಲ. ಇನ್ನೂ ಹತ್ತು ಸಲ ಎತ್ತುತ್ತದೆ. ಕೈ ಕೊಟ್ಟದ್ದು ಕೈಯೇ.” ಕೋಪ ಇರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ನನಗೆ ಸ್ವಲ್ಪ ಸುಲಭವಾಗುತ್ತಿತ್ತು.

ಮುಂದಿನ ವಾರ ಪ್ರಾಯಶ್ಚಿತ್ತದ ಹುರುಪಿನಲ್ಲಿ ಇನ್ನೊಂದು ಎಡವಟ್ಟು ಮಾಡಿದೆ. ಸ್ಪ್ರಿಂಗ್ ಇರುವ ಹ್ಯಾಂಡ್ ಗ್ರಿಪ್ಪರ್ ಕೊಟ್ಟು ದಿನಾ ಹಿಂಡಲು ಹೇಳಿದೆ. ಐದು ವಾರಕ್ಕೆ ಗ್ರಿಪ್ಪರನ್ನು ಇಪ್ಪತ್ತು ಸಲ ಕಟಕಟನೆ ಮುಚ್ಚುವಷ್ಟಾದರು, ಡೆಡ್‌ಲಿಫ್ಟ್ ಮಾತ್ರ ಐದು ಕಿಲೋ ಕೂಡ ಏರಲಿಲ್ಲ. ಜೊತೆಗೆ ಮೊಣಕೈಯ ಒಳಬದಿಯಲ್ಲಿ ನೋವು ಉಚಿತವಾಗಿ ಬಂತು. ಗ್ರಿಪ್ಪರ್ ಕೇಳುವುದು ಬೆರಳನ್ನು ಮುಚ್ಚುವ ಶಕ್ತಿ. ಬಾರ್ ಕೇಳುವುದು ಮುಚ್ಚಿದ ಬೆರಳು ತೆರೆಯದಂತೆ ಕಾಯುವ ಶಕ್ತಿ. ಎರಡಕ್ಕೂ ‘ಹಿಡಿತ’ ಎಂದೇ ಹೆಸರು, ಅಭ್ಯಾಸ ಬೇರೆ. ಪ್ಲೇಟನ್ನು ಚಿವುಟಿ ಹಿಡಿಯುವುದು ಮೂರನೆಯದು, ಅದು ಹೆಬ್ಬೆರಳಿನ ಕೆಲಸ. ಹಾಗೆಯೇ, ಬೆರಳನ್ನು ಮಡಚುವ ಮುಖ್ಯ ಸ್ನಾಯುಗಳು ಇರುವುದು ಮುಂಗೈಯಲ್ಲಿ (ಮೊಣಕೈಗೂ ಮಣಿಕಟ್ಟಿಗೂ ನಡುವೆ), ಅಲ್ಲಿಂದ ಬೆರಳಿಗೆ ಹೋಗುವುದು ಬರೀ ಸ್ನಾಯುರಜ್ಜು. ಅವು ಸ್ನಾಯುವಿನಷ್ಟು ಬೇಗ ಬಲಿಯುವುದಿಲ್ಲ. ದಿನಾ ಹಿಂಡಿಸಿದ್ದು ನನ್ನ ಅವಸರ, ನೋವು ಅವರದ್ದು.

ಮೂರು ವಾರ ಎಲ್ಲವನ್ನೂ ಇಳಿಸಿ, ಆಮೇಲೆ ಮೊದಲಿನಿಂದ ಶುರು ಮಾಡಿದೆವು. 15 ಕಿಲೋದ ಬಾರನ್ನು ಅವರ ಕಣ್ಣಿಗೆ ಬೀಳದ ಹಾಗೆ ಮೂಲೆಗೆ ಒರಗಿಸಿದೆ. ಎಲ್ಲ ಸೆಟ್ಟೂ 20ರ ಬಾರಿನಲ್ಲಿ. ಎರಡೂ ಕೈ ಮೇಲಿನಿಂದ ಹಿಡಿದು ಎಲ್ಲಿಯ ತನಕ ಬರುತ್ತದೋ ಅಲ್ಲಿಯ ತನಕ, ಅದರ ಮೇಲಿನ ತೂಕಕ್ಕೆ ಹುಕ್ ಗ್ರಿಪ್. ಹೆಬ್ಬೆರಳನ್ನು ಬಾರಿಗೆ ಒತ್ತಿ ಅದರ ಮೇಲೆ ಬೆರಳು ಮಡಚುವ ಆ ಹಿಡಿತ ಮೊದಲ ಎರಡು ವಾರ ಎಷ್ಟು ನೋಯಿಸುತ್ತದೆ ಎಂದರೆ, ಮೇಡಂ ನನ್ನನ್ನು ಮನಸ್ಸಿನಲ್ಲೇ ಬೈದುಕೊಂಡದ್ದು ಅವರ ಮುಖದಲ್ಲಿ ಓದಬಹುದಿತ್ತು. ವಾರಕ್ಕೆ ಎರಡು ದಿನ, ಕೊನೆಯ ರೆಪ್‌ನಲ್ಲಿ ಬಾರನ್ನು ಮೇಲೆಯೇ ಹಿಡಿದು ಹದಿನೈದು ಎಣಿಕೆ. ಇನ್ನೊಂದು ದಿನ ಎರಡೂ ಕೈಯಲ್ಲಿ ಭಾರ ಹಿಡಿದು ನಡೆಯುವ ಫಾರ್ಮರ್ಸ್ ವಾಕ್, ಇಲ್ಲವೇ ಪುಲಪ್ ಕಂಬಿಗೆ ಸುಮ್ಮನೆ ನೇತಾಡುವುದು. ಅಷ್ಟೇ. ಕೈ ಬಿಚ್ಚುವ ಕಡೆಯ ಸ್ನಾಯುಗಳಿಗೂ ಕೆಲಸವಿರಲಿ ಎಂದು ಬೆರಳ ಸುತ್ತ ರಬ್ಬರ್ ಬ್ಯಾಂಡ್ ಹಾಕಿ ಅಗಲಿಸುವುದು. ಮೊಣಕೈ ನೋವಿಗೆ ಅದು ಸಹಾಯ ಮಾಡಿತೋ ವಿಶ್ರಾಂತಿ ಮಾಡಿತೋ, ನಾನು ಪಂಥ ಕಟ್ಟುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಅಭ್ಯಾಸವೇ ಅಲ್ಲ. ಬಾರ್ ಕೈಯಲ್ಲಿ ಎಲ್ಲಿ ಕೂರುತ್ತದೆ ಎಂಬುದು. ಮೇಡಂ ಬಾರನ್ನು ಅಂಗೈಯ ನಟ್ಟನಡುವೆ ಇಟ್ಟು ಗಟ್ಟಿಯಾಗಿ ಹಿಸುಕುತ್ತಿದ್ದರು. ಭಾರ ಬಿದ್ದೊಡನೆ ಬಾರ್ ಹೇಗಿದ್ದರೂ ಬೆರಳಿನ ಬುಡಕ್ಕೆ ಇಳಿಯುತ್ತದೆ, ಇಳಿಯುವಾಗ ಚರ್ಮವನ್ನು ಮಡಚಿಕೊಂಡು ಇಳಿಯುತ್ತದೆ, ಹಿಡಿತವೂ ಅಷ್ಟೇ ಸಡಿಲವಾಗುತ್ತದೆ. ಅಂದು ಕಿತ್ತುಬಂದ ಚರ್ಮ ಅದೇ. ಮೊದಲೇ ಬೆರಳಿನ ಬುಡದ ಗೆರೆಯಲ್ಲಿ ಇಟ್ಟು ಹಿಡಿದರೆ ಬಾರಿಗೆ ಜಾರಲು ಜಾಗವಿರುವುದಿಲ್ಲ. ಇದನ್ನು ಹೇಳಲು ನನಗೆ ಬೇಕಾದದ್ದು ಒಂದು ನಿಮಿಷ. ಎಂಟು ತಿಂಗಳಲ್ಲಿ ಆ ಒಂದು ನಿಮಿಷ ಸಿಕ್ಕಿರಲಿಲ್ಲ, ಏಕೆಂದರೆ ಸ್ಟ್ರಾಪ್ ಸುತ್ತಿದ ಕೈಯೊಳಗೆ ಏನು ನಡೆಯುತ್ತಿದೆ ಎಂದು ಕಾಣುವುದೇ ಇಲ್ಲ.

ಸ್ಟ್ರಾಪ್ ಮೇಲೆ ನನಗೆ ದ್ವೇಷವಿಲ್ಲ. ಭಾರವನ್ನು ಹೊಟ್ಟೆಯ ಕಡೆಗೆ ಎಳೆಯುವ ರೋ ಮಾಡುವಾಗ, ರೆಪ್ ಹೆಚ್ಚಿರುವ ಕೊನೆಯ ಸೆಟ್ಟುಗಳಲ್ಲಿ ಈಗಲೂ ಕಟ್ಟಿಸುತ್ತೇನೆ. ಆದರೆ ಯಾರಾದರೂ ಬಂದು “ಜಾರುತ್ತಿದೆ” ಎಂದರೆ ಮೊದಲು ಕಪಾಟಿನ ಕಡೆ ಹೋಗುವುದಿಲ್ಲ, “ಕೈ ತೋರಿಸಿ” ಎನ್ನುತ್ತೇನೆ. ಚೀಲದಲ್ಲಿ ದ್ರವ ಚಾಕಿನ ಒಂದು ಬಾಟಲಿ ಇದೆ. ಅದು ಆರಿದ ಮೇಲೆ ನೆಲಕ್ಕೆ ಹೆಚ್ಚು ಉದುರುವುದಿಲ್ಲ, ಮ್ಯಾನೇಜರ್ ಇನ್ನೂ ಗಮನಿಸಿಲ್ಲ.

ಹೋದ ತಿಂಗಳು ಮೇಡಂ 20ರ ಬಾರಿನಲ್ಲಿ, ಹುಕ್ ಗ್ರಿಪ್‌ನಲ್ಲಿ, ಬರಿಗೈಯಲ್ಲಿ 122.5 ಎತ್ತಿ ನಾನು ‘ಡೌನ್’ ಎನ್ನುವ ತನಕ ನಿಂತರು. ಬೇಕೆಂದೇ ತಡವಾಗಿ ಹೇಳಿದೆ. ನಿಂತೇ ಇದ್ದರು, ಕಣ್ಣು ಕೆಕ್ಕರಿಸಿಕೊಂಡು.

ಖಾನೆಯಲ್ಲಿ 122.5 ಎಂದು ತುಂಬಿದೆ. ಹಿಂದಿನ ಅಂಕಿ 130 ಇತ್ತಲ್ಲ, ಕೆಂಪು ಬಾಣ ಬಂತು. ಮ್ಯಾನೇಜರ್ ಕರೆದು, “ಇವರು ಒಂದು ವರ್ಷದಲ್ಲಿ ಇಳಿದಿದ್ದಾರಲ್ಲ?” ಎಂದು ಕೇಳಿದರು. ಆ 130 ಸ್ಟ್ರಾಪಿನದು, ಇದು ಕೈಯದು ಎಂದೆ. ಅವರು ಪರದೆಯನ್ನು ಸ್ವಲ್ಪ ಹೊತ್ತು ನೋಡಿ, “ಹಾಗಾದರೆ ಸ್ಟ್ರಾಪಿನದನ್ನೇ ಬರೆಯಿರಿ” ಎಂದರು.