ಹುಳುಮನೆಗೆ ಬಂದ ಯುದ್ಧದಾಟ

ನಕ್ಷೆ, ದಾಳ ಮತ್ತು ರಟ್ಟಿನ ಸಣ್ಣ ಬಿಲ್ಲೆಗಳನ್ನು ಇಟ್ಟುಕೊಂಡು, ಹಿಂದೆಂದೋ ನಡೆದುಹೋದ ಒಂದು ಕದನವನ್ನು ಮತ್ತೆ ಆಡಿ ನೋಡುವ ಹವ್ಯಾಸ ನಮ್ಮ ಕಡೆ ಹೆಚ್ಚು ಜನರಿಗೆ ಪರಿಚಯವಿಲ್ಲ. ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟದ ಕಡೆಗೆ ಹೋಗುವಾಗ ಸಿಗುವ ಊರೊಂದರಲ್ಲಿ, ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುವ ನಮ್ಮ ಮನೆಗೆ ಈ ಯುದ್ಧದಾಟ ನನ್ನ ಮೂಲಕ ಬಂತು. ಮೊದಮೊದಲು ಅದು ನನ್ನ ಮೇಜಿನಷ್ಟಕ್ಕೆ ಇತ್ತು. ಆಮೇಲೆ ನಾನು ರಸ್ತೆ ನೋಡುವ ರೀತಿಗೆ, ಬೆಟ್ಟ ನೋಡುವ ರೀತಿಗೆ, ಕೊನೆಗೆ ಹುಳುಗಳಿಗೆ ಸೊಪ್ಪು ಹೊಂದಿಸುವ ಲೆಕ್ಕಕ್ಕೂ ಅದು ಹಬ್ಬಿತು. ಹೀಗೆ ಹಬ್ಬಿದ್ದರಿಂದ ನನಗೆ ಒಳ್ಳೆಯದೇ ಆಗಿದೆ ಎಂದು ನಂಬಿದ್ದೇನೆ. ಹೇಗೆ ಎಂಬುದನ್ನು ತುಸು ವಿವರವಾಗಿ ಬರೆಯಬೇಕೆನಿಸಿದೆ.

ಈ ಆಟದ ಈಗಿನ ರೂಪಕ್ಕೆ ಇನ್ನೂರು ವರ್ಷಗಳ ಇತಿಹಾಸವಿದೆ. ಆಗಿನ ಜರ್ಮನ್ ರಾಜ್ಯವಾದ ಪ್ರಷ್ಯಾದ ಫಿರಂಗಿ ದಳದ ಯುವ ಅಧಿಕಾರಿ ರೈಸ್‌ವಿಟ್ಸ್, ತನ್ನ ತಂದೆ ಆರಂಭಿಸಿದ್ದ ಆಟವನ್ನು ತಿದ್ದಿ, 1824ರಲ್ಲಿ ಅದರ ನಿಯಮಗಳನ್ನು ಪ್ರಕಟಿಸಿದ. ತಂದೆಯ ಆಟಕ್ಕೆ ದೊಡ್ಡ ಮೇಜೊಂದು ಬೇಕಾಗಿತ್ತು. ಮಗ ಅದನ್ನು 1:8000 ಪ್ರಮಾಣದ ನಿಜವಾದ ಭೂಪಟದ ಮೇಲೆ ತಂದ. ಒಂದೊಂದು ಸರದಿಗೆ ಎರಡು ನಿಮಿಷಗಳ ಯುದ್ಧಕಾಲ, ನಡುವೆ ಒಬ್ಬ ತೀರ್ಪುಗಾರ, ಗುಂಡಿನೇಟಿನ ಫಲ ತಿಳಿಯಲು ದಾಳ. ಅದನ್ನು ನೋಡಿದ ಸೇನಾ ಮುಖ್ಯಸ್ಥ ಮ್ಯುಫ್ಲಿಂಗ್ ಇದು ಆಟವಲ್ಲ, ಯುದ್ಧದ ಶಿಕ್ಷಣ ಎಂದು ಮೆಚ್ಚಿ ಸೈನ್ಯದಲ್ಲೆಲ್ಲ ಹರಡಿಸಿದ. ಅಮೆರಿಕದಲ್ಲಿ ಚಾರ್ಲ್ಸ್ ರಾಬರ್ಟ್ಸ್ 1954ರಲ್ಲಿ ಇಂಥದ್ದೊಂದನ್ನು ಪೆಟ್ಟಿಗೆಯಲ್ಲಿಟ್ಟು ಜನಸಾಮಾನ್ಯರಿಗೆ ಮಾರಿದ ಮೇಲೆ ಅದು ಮನೆಮನೆಯ ಹವ್ಯಾಸವೂ ಆಯಿತು. ಚದುರಂಗದಂತೆ ಚೌಕದ ಮನೆಗಳಿದ್ದ ನಕ್ಷೆಗೆ ಆರು ಮೂಲೆಯ ಮನೆಗಳು ಬಂದದ್ದು 1961ರ ಹೊತ್ತಿಗೆ. ಚೌಕದಲ್ಲಿ ಮೂಲೆಯಿಂದ ಮೂಲೆಗೆ ನಡೆದರೆ ದೂರದ ಲೆಕ್ಕ ತಪ್ಪುತ್ತದೆ. ಆರು ಮೂಲೆಯ ಮನೆಯಲ್ಲಿ ಅಕ್ಕಪಕ್ಕದ ಆರೂ ಮನೆಗಳ ನಡುಬಿಂದು ಸಮಾನ ದೂರದಲ್ಲಿರುತ್ತದೆ. ಬಿಲ್ಲೆಯ ಮೇಲೆ ಸಾಮಾನ್ಯವಾಗಿ ಎರಡು ಅಂಕೆಗಳಿರುತ್ತವೆ: ಒಂದು ಆ ಪಡೆಯ ಬಲ, ಇನ್ನೊಂದು ಒಂದು ಸರದಿಯಲ್ಲಿ ಅದು ನಡೆಯಬಲ್ಲ ದೂರ. ಹೊಸಬರು ಮೊದಲಿನ ಅಂಕೆಯನ್ನು ನೋಡುತ್ತಾರೆ. ಆಡುತ್ತ ಆಡುತ್ತ ಎರಡನೆಯದರ ಬೆಲೆ ತಿಳಿಯುತ್ತದೆ.

ನಮ್ಮ ಮಾಳಿಗೆಯಿಂದ ನಂದಿ ಬೆಟ್ಟ ಕಾಣುತ್ತದೆ. 1,478 ಮೀಟರ್ ಎತ್ತರದ ಆ ಬೆಟ್ಟಕ್ಕೆ ಬೆಂಗಳೂರಿನಿಂದ ಜನ ಸೂರ್ಯೋದಯ ನೋಡಲು ನಸುಕಿನಲ್ಲೇ ಹೊರಟು ಬರುತ್ತಾರೆ. ನನ್ನ ಕಣ್ಣು ಮಾತ್ರ ಅದರ ಪಶ್ಚಿಮದ ಇಳಿಜಾರನ್ನೇ ಹುಡುಕುತ್ತದೆ. ಏಕೆಂದರೆ ಉಳಿದ ಕಡೆಗಳಲ್ಲಿ ಬಂಡೆಯೇ ಕೋಟೆ. ಹತ್ತುವ ದಾರಿ ಇದ್ದದ್ದು ಆ ಕಡೆಯಿಂದ, ಗೋಡೆ ಬಲವಾಗಿದ್ದದ್ದೂ ಅಲ್ಲಿಯೇ. ಮೂರನೆಯ ಮೈಸೂರು ಯುದ್ಧದಲ್ಲಿ ಬ್ರಿಟಿಷರ ಸೇನಾಪತಿ ಕಾರ್ನ್‌ವಾಲಿಸ್ ಕಳುಹಿಸಿದ ಮೇಜರ್ ಗೌಡಿಯ ಪಡೆ, ಟಿಪ್ಪುವಿನ ಕಾವಲು ಪಡೆ ಮೇಲಿನಿಂದ ಉರುಳಿಸುವ ಬಂಡೆಗಳ ನಡುವೆ, ಫಿರಂಗಿಗಳನ್ನು ಆ ಇಳಿಜಾರಿನ ಮೇಲೆ ಎಳೆದು ಏರಿಸಿತು. ಸುಮಾರು ಮೂರು ವಾರಗಳ ಮುತ್ತಿಗೆಯ ಬಳಿಕ 1791ರ ಅಕ್ಟೋಬರ್ 18–19ರ ನಡುವಿನ ರಾತ್ರಿ, ಚಂದ್ರ ಮೂಡಿದ ಮೇಲೆ, ಜನರಲ್ ಮೆಡೋಸ್ ನೇತೃತ್ವದಲ್ಲಿ ಲಗ್ಗೆ ನಡೆದು ದುರ್ಗ ಬಿತ್ತು. ಈ ಮುತ್ತಿಗೆಯನ್ನೇ ನಾನು ಆಟವಾಗಿ ಕಟ್ಟುತ್ತಿದ್ದೇನೆ. ಹೀಗಾಗಿ ಬೆಟ್ಟಕ್ಕೆ ಹೋದಾಗಲೆಲ್ಲ ಎಲ್ಲಿಂದ ಎಲ್ಲಿಗೆ ನೋಟ ಹಾಯುತ್ತದೆ, ಎತ್ತಿನ ಗಾಡಿ ಯಾವ ಏರಿನಲ್ಲಿ ನಿಂತುಬಿಡಬಹುದು, ಯಾವ ಬಂಡೆಯ ಹಿಂದೆ ನಿಂತವನು ಕೋಟೆಯ ಗೋಡೆಗೆ ಕಾಣಿಸುವುದಿಲ್ಲ ಎಂಬುದನ್ನೇ ನೋಡುತ್ತ ನಡೆಯುತ್ತೇನೆ.

ಮನೆಯವರೆಲ್ಲ ಕುರುಡುಮಲೆ ಗಣಪತಿಯ ದರ್ಶನಕ್ಕೆ ಹೊರಟಾಗಲೂ ಇದೇ ಆಯಿತು. ಮುಳಬಾಗಿಲಿನಲ್ಲಿ ದೋಸೆ ತಿಂದ ಮೇಲೆ, ಅರ್ಧ ಗಂಟೆ ಎಂದು ಅಮ್ಮನಿಂದ ಕೇಳಿ ಪಡೆದು, ಊರಿನ ಬೆನ್ನಿಗಿರುವ ಬೆಟ್ಟವನ್ನೂ ಅದರ ಸುತ್ತಲಿನ ಗುಂಡುಕಲ್ಲುಗಳನ್ನೂ ನೋಡಲು ಹೊರಟೆ. 1768ರ ಅಕ್ಟೋಬರ್ 4ರಂದು ಇಲ್ಲಿ ಹೈದರ್ ಅಲಿಯ ದೊಡ್ಡ ಸೈನ್ಯದ ನಡುವೆ ಬ್ರಿಟಿಷ್ ಕಂಪನಿಯ ಕರ್ನಲ್ ವುಡ್‌ನ ಪಡೆ ಸಿಕ್ಕಿಹಾಕಿಕೊಂಡಿತ್ತು. ಆಗ ಕ್ಯಾಪ್ಟನ್ ಬ್ರೂಕ್ ಎಂಬುವನು ಸಣ್ಣದೊಂದು ತುಕಡಿಯನ್ನೂ ಎರಡು ಫಿರಂಗಿಗಳನ್ನೂ ಮರೆಯ ದಾರಿಯಲ್ಲಿ ಬಂಡೆಯೊಂದರ ಮೇಲಕ್ಕೆ ತಂದು, ಗುಂಡು ಹಾರಿಸುತ್ತ ‘ಸ್ಮಿತ್! ಸ್ಮಿತ್!’ ಎಂದು ಕೂಗಿಸಿದ. ಕರ್ನಲ್ ಸ್ಮಿತ್‌ನ ಮುಖ್ಯ ಸೈನ್ಯವೇ ಬಂದಿತೆಂದು ಎರಡೂ ಕಡೆಯವರು ನಂಬಿದರು. ಕದನದ ಗತಿ ಆ ಒಂದು ಕೂಗಿಗೆ ತಿರುಗಿತು. ಅಲ್ಲಿ ನಿಂತು ನೋಡಿದಾಗಲೇ ನನಗೆ ಇದು ಸಾಧ್ಯವಾದ ಬಗೆ ತಿಳಿಯಿತು. ಕಲ್ಲುಗಳು ಎಷ್ಟು ಒತ್ತಾಗಿವೆಯೆಂದರೆ ನೂರು ಹೆಜ್ಜೆ ಆಚೆಗಿರುವುದು ಹತ್ತು ಜನವೋ ಸಾವಿರ ಜನವೋ ಎಂದು ಕೆಳಗಿದ್ದವನಿಗೆ ತಿಳಿಯುವ ಹಾಗೇ ಇಲ್ಲ.

ಆದರೆ ಆಟ ನಮ್ಮ ದಿನನಿತ್ಯದೊಳಗೆ ನಿಜವಾಗಿ ಬೇರು ಬಿಟ್ಟದ್ದು ಬೆಟ್ಟಗಳಿಂದಲ್ಲ, ಮೇವಿನಿಂದ. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲವರೆಗೂ ಹೋಗಿ, 15ರಂದು ಅರಕೆರೆಯ ಬಳಿ ನಡೆದ ಕದನವನ್ನು ಗೆದ್ದೂ ಹಿಂದಿರುಗಬೇಕಾಯಿತು. ದಾರಿಯುದ್ದಕ್ಕೂ ಮೇವು, ದವಸ ಸಿಗದಂತೆ ಟಿಪ್ಪು ನೋಡಿಕೊಂಡಿದ್ದ, ಮಳೆ ಹಿಡಿದಿತ್ತು, ಎತ್ತುಗಳು ಸಾಲುಸಾಲಾಗಿ ಸತ್ತವು, ಎಳೆಯುವವರಿಲ್ಲದ ದೊಡ್ಡ ಫಿರಂಗಿಗಳನ್ನು ತಾವೇ ಒಡೆದು ಹಾಕಿ ಸೈನ್ಯ ಬೆಂಗಳೂರಿನ ಕಡೆ ತಿರುಗಿತು. ಅದೇ ವರ್ಷದ ಕೊನೆಯ ತಿಂಗಳುಗಳಲ್ಲಿ ನಂದಿದುರ್ಗ, ಸಾವನದುರ್ಗಗಳನ್ನು ಒಂದೊಂದಾಗಿ ಹಿಡಿದದ್ದು ಮುಂದಿನ ದಂಡಯಾತ್ರೆಗೆ ಸರಬರಾಜಿನ ದಾರಿ ಸುರಕ್ಷಿತವಾಗಲೆಂದು. ಬಂಜಾರರ ಎತ್ತಿನ ಹಿಂಡುಗಳು ಹೇರು ಹೊತ್ತು ತಂದ ಧಾನ್ಯವಿಲ್ಲದೆ ಆ ಕಾಲದ ಯಾವ ಸೈನ್ಯವೂ ಹೆಚ್ಚು ದಿನ ನಿಲ್ಲುತ್ತಿರಲಿಲ್ಲ. ಇದನ್ನು ಆಟದಲ್ಲಿ ಆಡುವಾಗ ಕೈಗೆ ಹತ್ತುವ ಪಾಠವೆಂದರೆ, ಇವತ್ತಿನ ಬಲಕ್ಕಿಂತ ಹತ್ತು ದಿನಗಳ ನಂತರದ ಹೊಟ್ಟೆಯ ಲೆಕ್ಕವನ್ನು ಇವತ್ತೇ ಮಾಡಬೇಕು ಎಂಬುದು.

ರೇಷ್ಮೆ ಹುಳುವಿನ ಲೆಕ್ಕವೂ ಹಾಗೆಯೇ ಇದೆ. ಚಾಕಿ ಹುಳು, ಅಂದರೆ ಎಳೆಯ ಮರಿಹುಳು, ಮನೆಗೆ ಬಂದಾಗ ಅದರ ಹೊಟ್ಟೆ ಯಾರಿಗೂ ಭಾರವೆನಿಸುವುದಿಲ್ಲ. ನಾಲ್ಕು ಜ್ವರ (ಹುಳು ಪೊರೆ ಬಿಡುವ ಹೊತ್ತು) ಕಳೆದು ಐದನೆಯ ಹಂತಕ್ಕೆ ಬಂದಿತೆಂದರೆ, ತನ್ನ ಜೀವಮಾನದ ಒಟ್ಟು ಸೊಪ್ಪಿನಲ್ಲಿ ಶೇಕಡ 80ಕ್ಕೂ ಹೆಚ್ಚನ್ನು ಏಳೆಂಟು ದಿನಗಳಲ್ಲೇ ತಿಂದು ಮುಗಿಸುತ್ತದೆ. ಸೊಪ್ಪು ಕೊಯ್ಯುವ ಆಳುಗಳು, ಕರೆಂಟಿರುವ ಹೊತ್ತಿನಲ್ಲಿ ತೋಟಕ್ಕೆ ನೀರು, ಹಣ್ಣಾದ ಹುಳುವನ್ನು ಆರಿಸಿ, ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಡುವ ಕೈಗಳು, ಎಲ್ಲವೂ ಆ ದಿನಗಳಿಗೇ ಒಟ್ಟಿಗೆ ಬೇಕಾಗುತ್ತವೆ. ಊರಿನಲ್ಲಿ ಎಲ್ಲರ ಬೆಳೆಯೂ ಒಂದೇ ವಾರಕ್ಕೆ ಬಂದರೆ ಆಳೂ ಸಿಗುವುದಿಲ್ಲ, ಕೊಳ್ಳೋಣವೆಂದರೆ ಸೊಪ್ಪೂ ಸಿಗುವುದಿಲ್ಲ. ತಂದೆಯವರು ಇದನ್ನೆಲ್ಲ ಬಾಯಿಲೆಕ್ಕದಲ್ಲೇ ನಡೆಸಿಕೊಂಡು ಬಂದವರು. ನಾನು ಚೌಕುಳಿ ಹಾಳೆಯ ಮೇಲೆ ತೋಟದ ಮಡಿಗಳನ್ನು ಬರೆದು, ದಿನಕ್ಕೊಂದು ಸರದಿ ಎಂದು ಇಟ್ಟುಕೊಂಡು, ಆಳುಗಳಿಗೂ ಸೊಪ್ಪಿನ ಹೊರೆಗಳಿಗೂ ಬಿಲ್ಲೆ ಮಾಡಿ, ಇಡೀ ಬೆಳೆಯನ್ನು ಚಾಕಿ ಬರುವ ಮೊದಲೇ ಒಮ್ಮೆ ಆಡಿ ನೋಡಲು ಆರಂಭಿಸಿದೆ.

ಹುಳುಮನೆಯನ್ನು ತೊಳೆದು, ಸುಣ್ಣ ಹಚ್ಚಿ, ಮುಂದಿನ ಬೆಳೆಗೆ ಒಣಗಲು ಬಿಟ್ಟಿದ್ದ ಒಂದು ಮಧ್ಯಾಹ್ನ ಅಲ್ಲಿಯ ನೆಲದ ಮೇಲೇ ಹಾಳೆ ಹರಡಿಕೊಂಡು ಕುಳಿತಿದ್ದೆ. ತಂದೆಯವರು ಬಂದು, ಬಹಳ ಹೊತ್ತು ನಿಂತೇ ನೋಡಿ, ಕೊನೆಗೆ ಗೋಣಿಚೀಲದ ಮೇಲೆ ಕುಳಿತರು. ‘ಐದನೇ ಹಂತದಾಗೆ ಮಳೆ ಹಿಡಿದ್ರೆ ಏನ್ ಮಾಡ್ತೀಯಪ್ಪ? ಒದ್ದೆ ಸೊಪ್ಪು ಹಾಕೋ ಹಂಗಿಲ್ಲ’ ಎಂದರು. ದಾಳದಲ್ಲಿ ಆರು ಬಿದ್ದರೆ ಮಳೆ ಎಂದು ಇಟ್ಟುಕೊಂಡಿದ್ದೇನೆ ಎಂದೆ. ಅವರು ಒಪ್ಪಲಿಲ್ಲ. ಒಳಗೆ ಹೋಗಿ, ಚೌಕಾಬಾರದ ಡಬ್ಬಿಯಿಂದ ಒಂದು ಮಗ್ಗುಲು ತೇದ ನಾಲ್ಕು ಹುಣಸೆ ಬೀಜಗಳನ್ನು ತಂದು ಹಾಕಿದರು.

ಆ ಬೀಜಗಳ ಬಗ್ಗೆ ಇಲ್ಲಿ ಹೇಳಲೇಬೇಕು. ದಾಳದಲ್ಲಿ ಒಂದರಿಂದ ಆರರವರೆಗೆ ಪ್ರತಿ ಅಂಕೆಯೂ ಆರರಲ್ಲಿ ಒಂದು ಸಲ ಬೀಳುವಂಥದ್ದು. ನಾಲ್ಕು ಬೀಜಗಳ ಗರ ಹಾಗಲ್ಲ. ತೇದ ಮಗ್ಗುಲು, ತೇಯದ ಮಗ್ಗುಲು ಸಮವಾಗಿ ಬೀಳುತ್ತವೆ ಎಂದುಕೊಂಡರೆ, ಹದಿನಾರು ಬಗೆಗಳಲ್ಲಿ ಎರಡು ಬೀಳುವುದು ಆರು ಬಗೆ, ಒಂದು ಮತ್ತು ಮೂರು ಬೀಳುವುದು ನಾಲ್ಕು ನಾಲ್ಕು ಬಗೆ. ನಾಲ್ಕೂ ತೇದ ಮಗ್ಗುಲು ಮೇಲಾಗುವ ಚೌಕ ಮತ್ತು ಒಂದೂ ಮೇಲಾಗದ ಅಷ್ಟ ಬೀಳುವುದು ಒಂದೊಂದೇ ಬಗೆ. ಅಂದರೆ ಹೆಚ್ಚಿನ ದಿನಗಳು ನಡುಮಟ್ಟದಲ್ಲೇ ಕಳೆಯುತ್ತವೆ, ಎರಡು ತುದಿಗಳು ಅಪರೂಪಕ್ಕೆ ಬರುತ್ತವೆ. ಆಳು ಬರುವುದು ತಪ್ಪುವುದು, ಕರೆಂಟು ಇರುವುದು ಹೋಗುವುದು, ತಂದೆಯವರು ಬದುಕಿನಲ್ಲಿ ಕಂಡದ್ದೆಲ್ಲ ಈ ಬಗೆಯ ಹಂಚಿಕೆಗೆ ಹತ್ತಿರ, ದಾಳದ ಸಮಹಂಚಿಕೆಗಲ್ಲ. ಈಗ ಚೌಕ ಬಿದ್ದರೆ ಕರೆಂಟು ಕೈಕೊಟ್ಟ ದಿನ, ಅಷ್ಟ ಬಿದ್ದರೆ ಜಡಿಮಳೆಯ ದಿನ. ಅಷ್ಟ ಬಿದ್ದರೂ ಹುಳು ಉಪವಾಸ ಬೀಳಬಾರದೆಂಬ ಕಾರಣಕ್ಕೆ, ಐದನೆಯ ಹಂತದ ದಿನಗಳಲ್ಲಿ ಮೋಡ ಕಂಡ ಕೂಡಲೇ ಮುಂಚಿತವಾಗಿ ಕೊಯ್ದು, ಒದ್ದೆ ಗೋಣಿಯಡಿ ತಂಪಾಗಿ ಮುಚ್ಚಿಡುವ ಸೊಪ್ಪನ್ನು ‘ಮೀಸಲು ಪಡೆ’ ಎಂದೇ ಕರೆಯುವುದು ಮನೆಯಲ್ಲಿ ರೂಢಿಯಾಗಿದೆ. ಅಮ್ಮನೂ ಹಾಗೆಯೇ ಕರೆಯುತ್ತಾರೆ.

ನೆಲದ ಮೇಲೆ ಆಡಿದವರಲ್ಲಿ ನಾನು ಬಹಳ ಗೌರವದಿಂದ ನೆನೆಯುವವರು ಲಿವರ್‌ಪೂಲ್‌ನ ಹೆಣ್ಣುಮಕ್ಕಳು. 1942ರಲ್ಲಿ ಬ್ರಿಟಿಷ್ ನೌಕಾಪಡೆಯ ಕ್ಯಾಪ್ಟನ್ ಗಿಲ್ಬರ್ಟ್ ರಾಬರ್ಟ್ಸ್, ನೌಕಾಪಡೆಯ ಮಹಿಳಾ ವಿಭಾಗದ ಯುವತಿಯರ ಜೊತೆಗೂಡಿ, ಅಟ್ಲಾಂಟಿಕ್‌ನಲ್ಲಿ ಸರಕಿನ ಹಡಗುಗಳನ್ನು ಮುಳುಗಿಸುತ್ತಿದ್ದ ಜರ್ಮನ್ ಜಲಾಂತರ್ಗಾಮಿಗಳ ತಂತ್ರವನ್ನು ನೆಲದ ಮೇಲೆ ಗೆರೆ ಹಾಕಿ, ಆಡಿ, ಬಿಡಿಸಿದ. ಅಲ್ಲಿಗೆ ಬಂದ ಹಡಗಿನ ಅಧಿಕಾರಿಗಳು ಪರದೆಯ ಸಣ್ಣ ಕಿಂಡಿಯಿಂದ ಮಾತ್ರ ನೆಲವನ್ನು ನೋಡಬೇಕಿತ್ತು, ಏಕೆಂದರೆ ಸಮುದ್ರದ ಮೇಲೆ ಅವರಿಗೆ ಕಾಣುವುದು ಅಷ್ಟೇ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೋದಾಗ ಈ ಕಿಂಡಿ ನನಗೆ ನೆನಪಾಗುತ್ತದೆ. ನಮ್ಮ ಗೂಡು ನಮಗೆ ಕಾಣುತ್ತದೆ, ಪಕ್ಕದವರದು ಕಾಣುತ್ತದೆ, ಗೂಡು ಕೊಂಡು ನೂಲು ತೆಗೆಯುವ ರೀಲರುಗಳ ಮನಸ್ಸಿನಲ್ಲಿರುವ ದರ ಕಾಣುವುದಿಲ್ಲ. ಹಸಿ ಗೂಡನ್ನು ಮನೆಯಲ್ಲಿ ಇಟ್ಟುಕೊಳ್ಳುವಂತೆಯೂ ಇಲ್ಲ, ಒಳಗಿನ ಚಿಟ್ಟೆ ಗೂಡು ತೂತು ಮಾಡಿ ಹೊರಬರುತ್ತದೆ. ಹಾಗಾಗಿ ಎಷ್ಟಕ್ಕೆ ಇಳಿದರೆ ಒಪ್ಪಬೇಕು ಎಂಬುದನ್ನು ಮನೆಯಲ್ಲೇ, ತಣ್ಣನೆಯ ತಲೆಯಲ್ಲಿ ತೀರ್ಮಾನಿಸಿಕೊಂಡು ಹೊರಡುತ್ತೇವೆ.

ಮನೆಯಿಂದ ಆಟದ ಕಡೆಗೂ ಹರಿವು ಇದೆ. ನಂದಿದುರ್ಗದ ಆಟಕ್ಕೆ ನಾನು ಬರೆದಿದ್ದ ನಿಯಮವೊಂದರ ಪ್ರಕಾರ, ಸೈನ್ಯವು ನಕ್ಷೆಯಲ್ಲಿ ಹಳ್ಳಿಯಿರುವ ಮನೆಗೆ ಹೋದರೆ ಅಲ್ಲಿಂದ ದವಸ ಮತ್ತು ಮೇವು ಎರಡನ್ನೂ ಎತ್ತಿಕೊಳ್ಳಬಹುದಿತ್ತು. ಇದು ಬಹುತೇಕ ಆಟಗಳಲ್ಲಿ ಕಾಣುವ ರೂಢಿ. ಅದನ್ನು ಕೇಳಿದ ತಂದೆಯವರು, ‘ಅಕ್ಟೋಬರ್‌ನಾಗೆ ಕಣಜದಾಗೆ ಏನಪ್ಪ ಇರುತ್ತೆ? ರಾಗಿ ಇನ್ನೂ ಹೊಲದಾಗೆ ನಿಂತಿರುತ್ತೆ’ ಎಂದರು. ನಮ್ಮ ಸೀಮೆಯಲ್ಲಿ ಮುಂಗಾರಿನ ರಾಗಿ ಕೊಯ್ಲಿಗೆ ಬರುವುದು ಆಮೇಲೆ. ಆ ಮುತ್ತಿಗೆಯ ವಾರಗಳಲ್ಲಿ ಈ ಹಳ್ಳಿಗಳ ಹಗೇವು, ಕಣಜಗಳು ತಳ ಕಂಡಿರುವ ಕಾಲ. ಹೊಲದಲ್ಲಿ ಹಸಿರು ತೆನೆ. ಸಾವಿರಾರು ಎತ್ತು, ಕುದುರೆಗಳಿಗೆ ಅಲ್ಲಿ ಸಿಕ್ಕಿರಬಹುದಾದ ಮೇವೆಂದರೆ ಆ ಹಸಿ ಪೈರೇ. ಒಂದು ಅಂಕೆ ಕಳೆದು ಇನ್ನೊಂದಕ್ಕೆ ಕೂಡಿಸುವ ನನ್ನ ನಿಯಮದ ಅಡಿಯಲ್ಲಿ ನಮ್ಮ ಹಿರಿಯರ ಒಂದಿಡೀ ವರ್ಷದ ಮುದ್ದೆ ಇತ್ತು. ಅದನ್ನು ತಿಳಿದ ಮೇಲೆ ಹಳೆಯ ನಿಯಮವನ್ನು ಉಳಿಸಿಕೊಳ್ಳಲು ಮನಸ್ಸು ಬರಲಿಲ್ಲ.

ಈಗ ಹೊಸದಾಗಿ ಬರೆದಿರುವುದು ಹೀಗಿದೆ: ಅಕ್ಟೋಬರ್‌ನ ಸರದಿಗಳಲ್ಲಿ ನಕ್ಷೆಯ ಹಳ್ಳಿಯಿರುವ ಮನೆಯಿಂದ ಮೇವು ಮಾತ್ರ ದೊರೆಯುತ್ತದೆ, ದವಸ ದೊರೆಯುವುದಿಲ್ಲ, ದವಸ ಬೇಕಾದರೆ ಬೆಂಗಳೂರಿನಿಂದ ಬಂಜಾರರ ಹೇರಿನ ಬಿಲ್ಲೆ ಬರುವವರೆಗೆ ಕಾಯಬೇಕು, ಪೈರು ಕೊಯ್ದ ಹಳ್ಳಿಯ ಮೇಲೆ ಕಪ್ಪು ಬಿಲ್ಲೆಯೊಂದನ್ನು ಇಡಬೇಕು ಮತ್ತು ಆಟ ಮುಗಿಯುವವರೆಗೆ ಯಾರೂ ಅದನ್ನು ತೆಗೆಯುವಂತಿಲ್ಲ. ದುರ್ಗ ಬಿದ್ದ ಮೇಲೆ ಗೆದ್ದವನ ಅಂಕಗಳಿಂದ ಆ ಬಿಲ್ಲೆಗಳನ್ನು ಎಣಿಸಿ ಕಳೆಯಬೇಕು. ಒಂದೊಂದಕ್ಕೆ ಎಷ್ಟು ಕಳೆಯಬೇಕೆಂಬುದರಲ್ಲಿ ತಂದೆಯವರಿಗೂ ನನಗೂ ಇನ್ನೂ ಒಮ್ಮತವಿಲ್ಲ. ನಾನು ಎರಡು ಎನ್ನುತ್ತೇನೆ, ಅವರು ಐದಕ್ಕಿಂತ ಕೆಳಗೆ ಇಳಿಯಲು ಒಪ್ಪುತ್ತಿಲ್ಲ.